ಇಂಗ್ಲಿಷಿನ ‘ಸ್ಟ್ರಗಲ್’ಗೆ ಬದಲಿ ಪದ ಯಾವ್ಯಾವು? ಎಲ್ಲಿ ಯಾವುದು ಹೊಂದುತ್ತೆ?

ಎಸ್ಟೇಟ್_ರೈಟ್ರು, ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್ ಕೆಲಸ ನನ್ನದು. ಆಳಿನ ಹಾಜರಿ, ಮಳೆ ಲೆಕ್ಕ, ಕಣದ ಲೆಕ್ಕ ಎಲ್ಲ ಕಣ್ಣು ಮುಚ್ಚಿ ಬರೀತೀನಿ. ಇಂಗ್ಲಿಷಲ್ಲಿ ಒಂದು ಪುಟ ಬರಿ ಅಂದ್ರೆ ಮಾತ್ರ ಪೆನ್ನು ಏಳಲ್ಲ. ಈಗ ನಮ್ಮ ಸಾವ್ಕಾರ್ರು ಹೊರದೇಶದಲ್ಲಿ ಕಾಫಿ ಹುರಿದು ಮಾರೋರೊಬ್ಬರಿಗೆ ನೇರವಾಗಿ ಮಾಲು ಕಳಿಸ್ತಿದ್ದಾರೆ. ಅವರು “ಈ ವರ್ಷ ತೋಟದಲ್ಲಿ ಏನೇನಾಯ್ತು ಅಂತ ಬರೆದು ಕಳಿಸಿ, ಪ್ಯಾಕೆಟ್ ಜೊತೆ ಅಚ್ಚು ಹಾಕಿಸ್ತೀವಿ” ಅಂದಿದ್ದಾರೆ. ಕೆಲಸ ನನ್ನ ತಲೆಗೆ ಬಂತು.

ಮೊದಲು ಕನ್ನಡದಲ್ಲಿ ಬರ್ಕೊಂಡೆ. ಹೂಮಳೆ 60 ಸೆಂಟ್ ಮಾತ್ರ ಬಿದ್ದು ರೋಬಸ್ಟಾ ಗಿಡ ಸೊರಗಿದ್ದು, ಕೊಯ್ಲಿಗೆ ಆಳು ಸಿಗದೆ ಪರದಾಡಿದ್ದು, ಕಣದಲ್ಲಿ ಹಣ್ಣು ಹರವಿದಾಗ ದಿಢೀರ್ ಮಳೆ ಬಂದು ಟಾರ್ಪಾಲು ಹೊದೆಸೋಕೆ ಓಡಾಡಿದ್ದು, ಲೋಡ್ ಲಾರಿ ಏರು ಹತ್ತಲಾರದೆ ತಿಣುಕಿದ್ದು, ಅರೇಬಿಕಾದಲ್ಲಿ ಕಾಂಡಕೊರಕ ಹುಳದ ಜೊತೆ ಏಗಿದ್ದು, ಅಕ್ಕಪಕ್ಕದ ಸಣ್ಣ ಬೆಳೆಗಾರರು ಸಾಲದಲ್ಲಿ ಒದ್ದಾಡ್ತಿರೋದು. ಇಂಗ್ಲಿಷಿಗೆ ತಂದಾಗ ಎಲ್ಲ ಸಾಲಲ್ಲೂ ‘ಸ್ಟ್ರಗಲ್’ ಬಂದು ಕೂತಿದೆ. ಸಾವ್ಕಾರ್ರ ಸೊಸೆ ಓದಿ, “ರೈಟ್ರೇ, ಗಿಡ, ಲಾರಿ, ಮನುಷ್ಯ ಎಲ್ಲ ಒಂದೇ ಥರ ಸ್ಟ್ರಗಲ್ ಮಾಡ್ತಿದಾವಲ್ರೀ” ಅಂತ ನಕ್ಕರು. ಬೇರೆ ಬೇರೆ ಪದ ಹಾಕ್ಬೇಕಂತೆ. ಗೊತ್ತಿರೋರು ದಾರಿ ತೋರಿಸಿ.

ಹಾಸನ_ಟು_ಬೆಂಗ್ಳೂರು

ಅಣ್ಣ, ಇದಕ್ಕೇನ್ ತಲೆಬಿಸಿ. ಸ್ಟ್ರೈವ್, ಟಾಯಿಲ್, ಗ್ರ್ಯಾಪಲ್, ರೆಸಲ್, ಬ್ಯಾಟಲ್, ಫ್ಲೌಂಡರ್, ಸ್ಕ್ರ್ಯಾಂಬಲ್, ಲೇಬರ್, ಕೋಪ್. ಸಾಲಿಗೊಂದು ಹಾಕ್ತಾ ಹೋಗಿ. ಮುಗೀತು.

ನಿವೃತ್ತ_ಮೇಷ್ಟ್ರು, ಹಾಸನ

ಮಗಳೇ, ರೇಷನ್ ಅಂಗಡೀಲಿ ಅಕ್ಕಿ ಹಂಚಿದ ಹಾಗೆ ಪದ ಹಂಚಬಾರದಮ್ಮ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದವನು ನಾನು. ನೀನು ಕೊಟ್ಟ ಪಟ್ಟಿಯನ್ನು ಹೀಗೆ ಯದ್ವಾತದ್ವಾ ಹಾಕಿದ ಉತ್ತರಪತ್ರಿಕೆಗಳನ್ನು ಸಾಕಷ್ಟು ನೋಡಿದ್ದೇನೆ. “ದಿ ಲಾರಿ ಸ್ಟ್ರೋವ್ ಅಪ್ ದಿ ಘಾಟ್” ಅಂತ ಬರೆದರೆ ಲಾರಿಗೆ ಐಎಎಸ್ ಪಾಸು ಮಾಡುವ ಆಸೆ ಇದ್ದ ಹಾಗೆ ಕೇಳುತ್ತೆ.

ರೈಟರ್ ಅವರೇ, ನಿಮ್ಮ ಕನ್ನಡವನ್ನೇ ಇನ್ನೊಮ್ಮೆ ನೋಡಿ. ಸೊರಗಿತು, ಪರದಾಡಿದೆವು, ತಿಣುಕಿತು, ಏಗಿದೆವು, ಒದ್ದಾಡುತ್ತಿದ್ದಾರೆ. ವಿಂಗಡಣೆ ಆಗಲೇ ಆಗಿದೆ. ಹುಟ್ಟಿದಾರಭ್ಯ ಕಲಿತ ಭಾಷೆಯಲ್ಲಿ ನೀವು ಯಾವುದಕ್ಕೆ ಯಾವುದು ಅಂತ ಯೋಚನೆಯನ್ನೇ ಮಾಡದೆ ಆರಿಸಿದ್ದೀರಿ. ಇಂಗ್ಲಿಷಿಗೆ ದಾಟಿಸುವಾಗ ಎಲ್ಲವನ್ನೂ ಒಂದೇ ಗೋಣಿಗೆ ಸುರಿದಿದ್ದೀರಿ, ಅಷ್ಟೆ. ಆದ್ದರಿಂದ ಸ್ಟ್ರಗಲ್‌ಗೆ ಸಮಾನಾರ್ಥಕ ಹುಡುಕಬೇಡಿ. ಒದ್ದಾಡುವುದಕ್ಕೆ ಇಂಗ್ಲಿಷಲ್ಲಿ ಏನು, ತಿಣುಕುವುದಕ್ಕೆ ಏನು ಅಂತ ಹುಡುಕಿ.

ಒದ್ದಾಡು ಅಂದರೆ ಒದೆ ಮತ್ತು ಆಡು. ಕೈಕಾಲು ಬಡಿಯುವುದು, ಆದರೆ ಎತ್ತ ಹೋಗಬೇಕು ಅಂತ ಗೊತ್ತಿಲ್ಲದಿರುವುದು. ಇದಕ್ಕೆ ಹತ್ತಿರದ್ದು ಫ್ಲೌಂಡರ್. ಕೆಸರಿನಲ್ಲಿ ಸಿಕ್ಕಿದವನು, ಭಾಷಣದ ನಡುವೆ ಮಾತು ಮರೆತವನು ಫ್ಲೌಂಡರ್ ಆಗುತ್ತಾನೆ. ಹೆಣಗು ಬೇರೆ. ಹಳಗನ್ನಡದಲ್ಲಿ ಪೆಣಗು, ಅಂದರೆ ಹೆಣೆದುಕೊಳ್ಳು, ಕೈಗೆ ಕೈ ಕೊಟ್ಟು ಕಾದಾಡು. ಇಲ್ಲಿ ಎದುರಿಗೊಂದು ವಸ್ತುವೋ ಸಮಸ್ಯೆಯೋ ಇದೆ, ಅದನ್ನು ಹಿಡಿದಿದ್ದೀರಿ, ಬಿಡುತ್ತಿಲ್ಲ. ಅದು ಗ್ರ್ಯಾಪಲ್, ರೆಸಲ್. ಗ್ರ್ಯಾಪಲ್‌ನ ಮೂಲದಲ್ಲಿರುವುದು ಹಡಗಿನವರು ಎಸೆಯುತ್ತಿದ್ದ ಕೊಕ್ಕೆ. ಎರಡು ಭಾಷೆಗಳೂ ‘ಸಿಕ್ಕಿಹಾಕಿಕೊಳ್ಳುವುದ’ನ್ನೇ ಹಿಡಿದಿವೆ, ನೋಡಿ.

ಇನ್ನೊಂದು ಮೋಜು ಇದೆ. ಕನ್ನಡದಲ್ಲಿ ಒಂದು ಕ್ರಿಯೆ ಮತ್ತೆ ಮತ್ತೆ ನಡೆದರೆ ನಾವು ‘ಆಡು’ ಸೇರಿಸುತ್ತೇವೆ. ತೂರಾಡು, ಹೊರಳಾಡು, ಪರದಾಡು, ಪೇಚಾಡು. ಇಂಗ್ಲಿಷಿನಲ್ಲೂ ಅಂಥದೊಂದು ಬಾಲ ಇದೆ. ಪದದ ಕೊನೆಗೆ ಬರುವ ‘ಲ್’ ಎಂಬ ಪ್ರತ್ಯಯ. ಸ್ಪಾರ್ಕ್ ಒಂದು ಕಿಡಿ, ಮತ್ತೆ ಮತ್ತೆ ಮಿಂಚಿದರೆ ಸ್ಪಾರ್ಕಲ್. ಡಬ್ಲ್ಯೂ ಇಂದ ಶುರುವಾಗುವ ರೆಸ್ಟ್ ಅಂದರೆ ತಿರುಚಿ ಕಿತ್ತುಕೊಳ್ಳುವುದು, ಅದನ್ನೇ ಬಿಡದೆ ಮಾಡುತ್ತಿದ್ದರೆ ರೆಸಲ್. ಸ್ಟ್ರಗಲ್, ಟಸಲ್, ಸ್ಕಫಲ್ ಎಲ್ಲ ಅದೇ ಸಾಲಿನವು. ಒಂದೇ ಏಟಿಗೆ ಮುಗಿಯುವ ಕೆಲಸಕ್ಕೆ ಯಾರೂ ಸ್ಟ್ರಗಲ್ ಅನ್ನುವುದಿಲ್ಲ, ಒದ್ದಾಟ ಅಂತಲೂ ಅನ್ನುವುದಿಲ್ಲ.

ಕಡೂರು_ಬಯಲುಸೀಮೆ

ಮೇಷ್ಟ್ರೇ, ಕಾಫಿ ಕುಡಿಯೋನಿಗೆ ವ್ಯಾಕರಣ ಯಾಕೆ. ‘ಹಾರ್ಡ್ ಇಯರ್’ ಅಂತ ಒಂದು ಸಾಲು ಬರ್ದು ಕಳಿಸಿ ರೈಟ್ರೇ.

ಘಾಟಿ_ಚಾಲಕ, ಕೊಟ್ಟಿಗೆಹಾರ

ಲಾರಿ ವಿಷ್ಯ ಬಂದಿದ್ದಕ್ಕೆ ಬರೀತಿದೀನಿ. ಚಾರ್ಮಾಡಿಯಲ್ಲಿ ವರ್ಷಗಟ್ಲೆ ಗಾಡಿ ಹತ್ತಿಸಿದೀನಿ. ಲೋಡ್ ಗಾಡಿ ಫಸ್ಟ್ ಗೇರಲ್ಲಿ ಗೊಂಯ್ ಅಂತ ಹತ್ತೋದಕ್ಕೆ ನಾವು ‘ಎಂಜಿನ್ ತಿಣುಕ್ತಿದೆ’ ಅಂತೀವಿ. ಗಾಡಿ ಒದ್ದಾಡೋದು ಅಂದ್ರೆ ಬೇರೆ, ಡೀಸೆಲ್ ಲೈನಲ್ಲಿ ಗಾಳಿ ಹೊಕ್ಕಿ ಜರ್ಕ್ ಹೊಡೀತಾ ನಿಂತು ನಿಂತು ಹೋಗೋದು. ಗಾಡಿ ಪರದಾಡಲ್ಲ, ಅದರೊಳಗೆ ಇರೋರು ಪರದಾಡ್ತಾರೆ. ಇದಕ್ಕೆ ಇಂಗ್ಲಿಷಲ್ಲಿ ಬೇರೆ ಬೇರೆ ಪದ ಇದಾವಾ?

ಮತ್ತೆ ಫ್ಲೌಂಡರ್ ಅಂದ್ರೆ ಮೀನಲ್ವಾ? ಮಂಗ್ಳೂರು ಕಡೆ ನಂಗು ಅಂತಾರಲ್ಲ, ಅಂಥ ಚಪ್ಪಟೆ ಮೀನು. ಹೋಟೆಲ್ ಬೋರ್ಡಲ್ಲಿ ನೋಡಿದ ನೆನಪು.

ಬೇಲೂರು_ಇಂಗ್ಲಿಷ್_ಟೀಚರ್

ಅಣ್ಣ, ಮೀನೂ ಹೌದು. ಅಕ್ಷರ, ಉಚ್ಚಾರ ಎಲ್ಲ ಒಂದೇ, ಪದ ಬೇರೆ. ಇದರ ಪಕ್ಕದಲ್ಲೇ ಇನ್ನೊಂದು ಗುಂಡಿ ಇದೆ. ಫ್ಲೌಂಡರ್ ಒಂದು, ಫೌಂಡರ್ ಇನ್ನೊಂದು. ಹಡಗು ನೀರು ತುಂಬಿ ಮುಳುಗಿದರೆ ಅದು ಫೌಂಡರ್. ಯೋಜನೆ ನೆಲಕಚ್ಚಿದರೂ ಫೌಂಡರ್. ಒದ್ದಾಡ್ತಿದ್ರೆ ಫ್ಲೌಂಡರ್, ಮುಳುಗೇಹೋದ್ರೆ ಫೌಂಡರ್. ಸಂಸ್ಥಾಪಕರಿಗೂ ಫೌಂಡರ್ ಅಂತಾರೆ ಅಂತ ನಮ್ಮ ಹುಡುಗ್ರು ನಗ್ತಾರೆ.

ನಿಮ್ಮ ಎಂಜಿನ್ ತಿಣುಕೋದಕ್ಕೆ ಸರಿಯಾದ ಪದ ‘ಲೇಬರ್’. ಇಲ್ಲಿ ಕ್ರಿಯಾಪದ ಅದು. “ದಿ ಲಾರಿ ಲೇಬರ್ಡ್ ಅಪ್ ದಿ ಘಾಟ್.” ನಾವು ಲೇಬರ್ ಅಂದ್ರೆ ಕೂಲಿಯವರು ಅಂತಷ್ಟೇ ತಿಳ್ಕೊಂಡಿದೀವಿ, ಅದಕ್ಕೆ ಈ ಬಳಕೆ ಹೊಳೆಯೋದೇ ಇಲ್ಲ. ಭಾರ ಹೊತ್ತು, ನಿಧಾನವಾಗಿ, ಸದ್ದು ಮಾಡ್ತಾ, ಆದರೂ ಮುಂದೆ ಹೋಗೋದು. ಜರ್ಕ್ ಹೊಡೆಯೋದಕ್ಕೆ ‘ಸ್ಪಟರ್’ ಅಂತಾರೆ. ಅದು ಸ್ಟ್ರಗಲ್ ಕುಟುಂಬದ್ದೇ ಅಲ್ಲ.

ನರ್ಸಕ್ಕ, ಸಕಲೇಶಪುರ

ಟೀಚರ್ ಹೇಳಿದ್ದು ನೋಡಿ ನಮ್ಮ ವಾರ್ಡ್ ನೆನಪಾಯ್ತು. ಕೇಸ್ ಶೀಟಲ್ಲಿ ‘ಲೇಬರ್ಡ್ ಬ್ರೀದಿಂಗ್’ ಅಂತ ಬರೀತೀವಿ. ಉಸಿರು ಎಳೆಯೋಕೆ ಕುತ್ತಿಗೆ, ಪಕ್ಕೆಲುಬಿನ ಮಧ್ಯದ ಮಾಂಸ ಎಲ್ಲ ಒಳಗೆ ಜಗ್ತಿರುತ್ತಲ್ಲ, ಅದು. ಮನೆಯವರು ಬಂದು “ಸಿಸ್ಟರ್, ಉಸಿರಿಗೆ ಒದ್ದಾಡ್ತಿದಾರೆ” ಅಂತಾರೆ. ಅದನ್ನ ‘ಸ್ಟ್ರಗ್ಲಿಂಗ್ ಟು ಬ್ರೀದ್’ ಅಂದ್ರೂ ತಪ್ಪಲ್ಲ, ಆದರೆ ಅದು ನೋಡಿದವರ ಮಾತು. ಫೈಲಿಗೆ ಲೇಬರ್ಡ್. ಹೊಸದಾಗಿ ಬಂದ ಹುಡುಗಿಯರು “ಪೇಷಂಟ್ ಈಸ್ ಸ್ಟ್ರಗ್ಲಿಂಗ್ ಫ್ರಮ್ ಫೀವರ್” ಅಂತ ಬರೀತಾರೆ, ತಿದ್ದಿ ತಿದ್ದಿ ಸಾಕಾಗಿದೆ.

ಬೇಲೂರು_ಇಂಗ್ಲಿಷ್_ಟೀಚರ್

ನರ್ಸಕ್ಕ, ಆ ‘ಫ್ರಮ್’ ಎಲ್ಲಿಂದ ಬರುತ್ತೆ ಅಂದ್ರೆ ನಮ್ಮ ‘ಇಂದ’ದಿಂದ. ‘ಜ್ವರದಿಂದ ಒದ್ದಾಡ್ತಿದಾನೆ.’ ಇಂಗ್ಲಿಷಲ್ಲಿ ಸಫರ್ ಮಾತ್ರ ಫ್ರಮ್ ತಗೊಳುತ್ತೆ. ಸ್ಟ್ರಗಲ್‌ಗೆ ಫ್ರಮ್ ಬರಲ್ಲ. ಮುಂದೆ ನಾಮಪದ ಇದ್ರೆ ವಿತ್: ‘ಸ್ಟ್ರಗಲ್ ವಿತ್ ಮ್ಯಾಥ್ಸ್’. ಕೆಲಸ ಇದ್ರೆ ಟು: ‘ಸ್ಟ್ರಗಲ್ ಟು ಫೈಂಡ್’. ಹಕ್ಕಿಗೋ ಸ್ವಾತಂತ್ರ್ಯಕ್ಕೋ ಆದ್ರೆ ಫಾರ್. ಅನ್ಯಾಯದ ವಿರುದ್ಧ ಆದ್ರೆ ಅಗೇನ್ಸ್ಟ್. ಕಷ್ಟಪಟ್ಟು ಹೇಗೋ ದಾಟಿದ್ರೆ ಥ್ರೂ. ಟು ಆದಮೇಲೆ ‘ಇಂಗ್’ ಹಾಕ್ಬಾರ್ದು. ‘ಸ್ಟ್ರಗಲ್ ಟು ಫೈಂಡಿಂಗ್’ ತಪ್ಪು. ‘ಡಿಫಿಕಲ್ಟಿ’ ಬಳಸಿದ್ರೆ ಮಾತ್ರ ‘ಹ್ಯಾಡ್ ಡಿಫಿಕಲ್ಟಿ ಫೈಂಡಿಂಗ್’ ಅಂತ ಇಂಗ್ ಬರುತ್ತೆ.

ಇದಕ್ಕಿಂತ ದೊಡ್ಡ ತೊಡಕು ಕರ್ತೃವಿನದು. ನಾವು ‘ನಂಗೆ ಕಷ್ಟ ಆಗ್ತಿದೆ’ ಅಂತೀವಿ. ಕಷ್ಟ ಆಗ್ತಾ ಇದೆ, ಅದು ನಂಗೆ ಆಗ್ತಾ ಇದೆ. ಅದನ್ನ ಹಾಗೇ ದಾಟಿಸಿ “ಇಟ್ ಈಸ್ ಸ್ಟ್ರಗ್ಲಿಂಗ್ ಟು ಮಿ” ಅಂತ ಬರೀತಾರೆ. ಇಂಗ್ಲಿಷಲ್ಲಿ ಕಷ್ಟ ಸ್ಟ್ರಗಲ್ ಮಾಡಲ್ಲ, ಕಷ್ಟಪಡೋನು ಮಾಡ್ತಾನೆ. ‘ಐ ಆಮ್ ಸ್ಟ್ರಗ್ಲಿಂಗ್.’ ಹತ್ತನೇ ಕ್ಲಾಸಿನ ಪತ್ರಲೇಖನದಲ್ಲಿ ನಾನು ಅತಿ ಹೆಚ್ಚು ಕೆಂಪು ಗೆರೆ ಎಳೆಯೋದು ಇಲ್ಲೇ. ಎರಡನೇದು ‘ಕೋಪ್ ಅಪ್ ವಿತ್’. ಆ ‘ಅಪ್’ ಬೇಡವೇ ಬೇಡ. ಕೋಪ್ ವಿತ್, ಅಷ್ಟೇ. ರೈಟ್ರ ‘ಏಗಿದ್ವಿ’ಗೆ ಇದು ಆಗುತ್ತೆ.

ಹೆಣಗೋದು ಅಂತ ಮೇಷ್ಟ್ರು ಹೇಳಿದ್ದನ್ನ ಮಕ್ಕಳಿಗೆ ತೋರಿಸೋಕೆ ನನಗೆ ದೂರ ಹೋಗ್ಬೇಕಿಲ್ಲ. ನಮ್ಮೂರ ದೇವಸ್ಥಾನದಲ್ಲಿ ಸಳ ಸಿಂಹದ ಮೇಲೆ ಬಿದ್ದಿರೋ ಹೊಯ್ಸಳ ಲಾಂಛನ ಇದೆಯಲ್ಲ, ಅದರ ಮುಂದೆ ನಿಲ್ಲಿಸ್ತೀನಿ. ಪ್ರಾಣಿಯ ಮುಂಗಾಲು, ಸಳನ ಮೊಣಕಾಲು, ಆಯುಧ ಹಿಡಿದ ಕೈ, ಎಲ್ಲ ಒಂದಕ್ಕೊಂದು ತಗಲಿಕೊಂಡಿದೆ. ಇದು ಗ್ರ್ಯಾಪಲ್ ಅಂತೀನಿ. ದೂರ ನಿಂತು ಕಲ್ಲು ಹೊಡೆದಿದ್ರೆ ಗ್ರ್ಯಾಪಲ್ ಆಗ್ತಿರಲಿಲ್ಲ ಅಂತೀನಿ. ಆಮೇಲೆ ಆ ಪದವನ್ನ ಯಾರೂ ಮರೆತಿಲ್ಲ.

ಬಾಳೆಹೊನ್ನೂರು_ಬೆಳೆಗಾರ

ಗಿಡದ ವಿಷಯಕ್ಕೆ ಬರೋಣ. ಗಿಡ ಸ್ಟ್ರಗಲ್ ಮಾಡುತ್ತಾ? ನನಗಂತೂ ಒಪ್ಪಿಗೆ ಇಲ್ಲ. ನಮ್ಮೂರಿನ ಪಕ್ಕದಲ್ಲೇ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ಇದೆ. ವಿಜ್ಞಾನಿಗಳು ‘ಮಾಯಿಶ್ಚರ್ ಸ್ಟ್ರೆಸ್’ ಅಂತಾರೆ. ರೋಬಸ್ಟಾಗೆ ಮೊಗ್ಗು ಕಟ್ಟಿ ಕಾಯ್ತಿರೋ ಹೊತ್ತಲ್ಲಿ ಒಂದು ಇಂಚಾದ್ರೂ ಮಳೆ ಬೇಕು, ಇಲ್ಲ ಅಂದ್ರೆ ಸ್ಪ್ರಿಂಕ್ಲರ್ ಹಾಕ್ಬೇಕು. ಅರ್ಧಂಬರ್ಧ ಬಿದ್ರೆ ಹೂವು ಪೂರ್ತಿ ಅರಳಲ್ಲ, ಗುಲಾಬಿ ಬಣ್ಣಕ್ಕೆ ತಿರುಗಿ ಮುರುಟುತ್ತೆ. ಹಂಗಾದ ಗಿಡ ಏನೂ ಒದ್ದಾಡಲ್ಲ ಸ್ವಾಮಿ, ಸುಮ್ನೆ ನಿಂತಿರುತ್ತೆ. ಒದ್ದಾಡೋರು ನಾವು.

ನಿವೃತ್ತ_ಮೇಷ್ಟ್ರು, ಹಾಸನ

ನಿಮ್ಮ ಆಕ್ಷೇಪ ಬಹಳ ದೊಡ್ಡವರಿಗೇ ಬಂದಿತ್ತು. ಚಾರ್ಲ್ಸ್ ಡಾರ್ವಿನ್ 1859ರಲ್ಲಿ ಜೀವವಿಕಾಸದ ವಾದ ಮಂಡಿಸಿದಾಗ ಒಂದು ಅಧ್ಯಾಯಕ್ಕೆ ‘ಸ್ಟ್ರಗಲ್ ಫಾರ್ ಎಕ್ಸಿಸ್ಟೆನ್ಸ್’ ಅಂತಲೇ ಹೆಸರಿಟ್ಟ. ಅಲ್ಲಿಯೇ, ಈ ಪದವನ್ನು ವಿಶಾಲವಾದ, ಆಲಂಕಾರಿಕ ಅರ್ಥದಲ್ಲಿ ಬಳಸುತ್ತಿದ್ದೇನೆ ಅಂತಲೂ ಹೇಳಿಕೊಂಡ. ತಿನ್ನಲು ಕಡಿಮೆ ಇದ್ದಾಗ ಎರಡು ನಾಯಿಗಳು ನಿಜವಾಗಿಯೇ ಹೊಡೆದಾಡುತ್ತವೆ. ಮರುಭೂಮಿಯ ಅಂಚಿನ ಗಿಡವೂ ಬರದ ವಿರುದ್ಧ ಹೋರಾಡುತ್ತದೆ ಅಂತ ಹೇಳುವ ರೂಢಿ ಇದೆ, ಆದರೆ ಸರಿಯಾಗಿ ಹೇಳಬೇಕೆಂದರೆ ಅದು ತೇವವನ್ನು ಅವಲಂಬಿಸಿದೆ ಅನ್ನಬೇಕು ಅಂತ ಅವನೇ ಬಿಡಿಸಿಟ್ಟಿದ್ದಾನೆ. ಅಂದರೆ ಗಿಡಕ್ಕೆ ಸ್ಟ್ರಗಲ್ ಅನ್ನಬಹುದು, ಹಳೆಯ ಬಳಕೆ. ರೈಟರ್ ಅವರು ಆ ಪದವನ್ನು ಒಂದು ಕಡೆ ಉಳಿಸಿಕೊಳ್ಳುವುದಾದರೆ ಗಿಡದ ಸಾಲಿನಲ್ಲೇ ಉಳಿಸಿಕೊಳ್ಳಲಿ ಅಂತ ನನ್ನ ಮತ.

ಬಾಳೆಹೊನ್ನೂರು_ಬೆಳೆಗಾರ

ಡಾರ್ವಿನ್ ಬಂದ್ಮೇಲೆ ನಾನು ಬಾಯಿ ಮುಚ್ಕೊಂಡೆ.

ಹಾಸನ_ಟು_ಬೆಂಗ್ಳೂರು

ಸರ್, ಸ್ಟ್ರೈವ್ ಬಗ್ಗೆ ನಂದೊಂದು ತಕರಾರು. ನಮ್ಮ ಆಫೀಸಲ್ಲಿ ಎಲ್ಲದಕ್ಕೂ ಸ್ಟ್ರೈವ್ ಅಂತಾರೆ. ‘ವಿ ಸ್ಟ್ರೈವ್ ಫಾರ್ ಎಕ್ಸಲೆನ್ಸ್’ ಅಂತ ಗೋಡೆ ಮೇಲೆ ಬೇರೆ ಬರೆದಿದಾರೆ. ಅದೂ ಸ್ಟ್ರಗಲ್ ಥರಾನೇ ಅಲ್ವಾ? ಲಾರಿಗೆ ಬೇಡ, ಒಪ್ದೆ. ತೋಟದವರಿಗೆ ಯಾಕೆ ಬೇಡ?

ನಿವೃತ್ತ_ಮೇಷ್ಟ್ರು, ಹಾಸನ

ಗೋಡೆ ಮೇಲೆ ‘ವಿ ಸ್ಟ್ರಗಲ್ ಫಾರ್ ಎಕ್ಸಲೆನ್ಸ್’ ಅಂತ ಬರೆಸಿ ನೋಡು. ಮಾರನೇ ದಿನ ಗಿರಾಕಿಗಳು ಫೋನ್ ಎತ್ತುವುದಿಲ್ಲ. ವ್ಯತ್ಯಾಸ ಅಲ್ಲೇ ಇದೆ. ಸ್ಟ್ರೈವ್‌ನಲ್ಲಿ ಒಂದು ಗುರಿ ಇದೆ, ತಲೆ ಎತ್ತಿ ನಡೆಯುವ ಗತ್ತಿದೆ. ಶ್ರಮಿಸು, ಯತ್ನಿಸು ಅನ್ನುತ್ತೇವಲ್ಲ, ಆ ಗ್ರಾಂಥಿಕ ಧಾಟಿ. ಸ್ಟ್ರಗಲ್‌ನಲ್ಲಿ ಗುರಿ ಇರಲಿ ಬಿಡಲಿ, ಅಡ್ಡಿ ಇರಲೇಬೇಕು. ಗುಣಮಟ್ಟಕ್ಕಾಗಿ ಸ್ಟ್ರೈವ್ ಮಾಡಬಹುದು. ಸುರಿಯುವ ಮಳೆಯಲ್ಲಿ ಟಾರ್ಪಾಲು ಎಳೆಯುವವನು ಸ್ಟ್ರೈವ್ ಮಾಡುವುದಿಲ್ಲ. ಅಂದ ಹಾಗೆ ಭೂತಕಾಲದಲ್ಲಿ ಸ್ಟ್ರೋವ್, ಆಮೇಲೆ ಸ್ಟ್ರಿವನ್. ಸ್ಟ್ರೈವ್ಡ್ ಅಂತಲೂ ಅಲ್ಲಲ್ಲಿ ಓಡುತ್ತದೆ, ನನ್ನ ಕಿವಿಗೆ ಹಿಡಿಸುವುದಿಲ್ಲ.

ಬಾಳೆಹೊನ್ನೂರು_ಬೆಳೆಗಾರ

ಟಾರ್ಪಾಲು ಅಂದ್ರಲ್ಲ, ಆ ದೃಶ್ಯ ತೋಟದವರಿಗೇ ಗೊತ್ತು. ಮಧ್ಯಾಹ್ನ ಊಟ ಮುಗಿಸಿ ಕೂತಿರ್ತೀವಿ. ಕಣದ ತುಂಬ ಹಣ್ಣು ಹರವಿರುತ್ತೆ, ನಾಲ್ಕೈದು ದಿನ ಬಿಸಿಲು ಕಂಡಿರುತ್ತೆ, ಕೈಯಲ್ಲಿ ಅಲ್ಲಾಡಿಸಿದ್ರೆ ಇನ್ನೂ ಗಲಗಲ ಅನ್ನಲ್ಲ. ಗಾಳಿ ತಣ್ಣಗಾಗುತ್ತೆ. ಅಡುಗೆಮನೆಯಿಂದ ಹೆಂಗಸರು, ಆಳುಗಳ ಲೈನ್ ಮನೆಯಿಂದ ಮಕ್ಕಳು, ಲೆಕ್ಕದ ಪುಸ್ತಕ ಬಿಟ್ಟು ರೈಟ್ರು, ಎಲ್ಲ ಕಣಕ್ಕೆ ಬೀಳ್ತಾರೆ. ಹಲಗೆಯಲ್ಲಿ ಎಳೆದು ಗುಡ್ಡೆ ಮಾಡೋದು, ಟಾರ್ಪಾಲು ಬಿಚ್ಚೋದು, ಗಾಳಿಗೆ ಹಾರದ ಹಾಗೆ ಅಂಚಿಗೆ ಕಲ್ಲು ಇಡೋದು. ಒಬ್ರು ಈ ಕಡೆ ಎಳೀತಾರೆ, ಇನ್ನೊಬ್ರು ಆ ಕಡೆ. ಒಂದ್ಸಲ ಹಣ್ಣು ನೆಂದು ಬೂಸ್ಟು ಹಿಡೀತು ಅಂದ್ರೆ ಕಪ್ಪಿನಲ್ಲಿ ವಾಸನೆ ಬಂದೇ ಬರುತ್ತೆ. ಇದಕ್ಕೆ ಇಂಗ್ಲಿಷಲ್ಲಿ ಏನು?

ಬೇಲೂರು_ಇಂಗ್ಲಿಷ್_ಟೀಚರ್

ಸ್ಕ್ರ್ಯಾಂಬಲ್. ಕಣ್ಣು ಮುಚ್ಚಿ ಬರೀರಿ. “ವಿ ಸ್ಕ್ರ್ಯಾಂಬಲ್ಡ್ ಟು ಕವರ್ ದಿ ಬೀನ್ಸ್.” ಹೊತ್ತಿಲ್ಲ, ಎಲ್ಲರೂ ಎದ್ದು ಬಿದ್ದು ಓಡ್ತಿದಾರೆ, ಸ್ವಲ್ಪ ಗೊಂದಲ ಇದೆ, ಆದರೆ ಕೆಲಸ ಆಗುತ್ತೆ. ಮೊಟ್ಟೆ ಕಲಸೋದಕ್ಕೂ, ಬಂಡೆ ಮೇಲೆ ನಾಲ್ಕು ಕಾಲಲ್ಲಿ ಹತ್ತೋದಕ್ಕೂ ಅದೇ ಪದ. ಮುಳ್ಳಯ್ಯನಗಿರಿ ಮೆಟ್ಟಿಲು ಬಿಟ್ಟು ಹುಲ್ಲುಗುಡ್ಡದಲ್ಲಿ ಕೈಯೂರಿ ಹತ್ತಿದ್ರೆ ಅದೂ ಸ್ಕ್ರ್ಯಾಂಬಲ್.

ಘಾಟಿ_ಚಾಲಕ, ಕೊಟ್ಟಿಗೆಹಾರ

ಮೆಟ್ಲು ಬಿಟ್ಟು ಹತ್ಬೇಡಿ, ಹುಲ್ಲು ಜಾರುತ್ತೆ.

ಟೀಚರ್, ನನ್ನ ಇನ್ನೊಂದು ಪ್ರಶ್ನೆ ಹಾಗೇ ಉಳೀತು. ಮಳೆಗಾಲದಲ್ಲಿ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಗುಡ್ಡ ಕುಸಿದಾಗ ಪೇಪರಲ್ಲಿ ‘ಪ್ರಯಾಣಿಕರ ಪರದಾಟ’ ಅಂತ ಬರುತ್ತಲ್ಲ.

ಬೇಲೂರು_ಇಂಗ್ಲಿಷ್_ಟೀಚರ್

ಅಲ್ಲಿ ಸ್ಟ್ರಗಲ್ ಕುಟುಂಬವನ್ನೇ ಬಿಟ್ಟು ಹೊರಗೆ ಬನ್ನಿ. ‘ಪ್ಯಾಸೆಂಜರ್ಸ್ ಸ್ಟ್ರ್ಯಾಂಡೆಡ್’. ಪರದಾಟಕ್ಕೆ ಕನ್ನಡದಲ್ಲಿ ಹುಡುಕಾಟದ ಛಾಯೆ ಇದೆ. ಸಿಗಬೇಕಾದ್ದು ಸಿಗ್ತಿಲ್ಲ, ಅದಕ್ಕಾಗಿ ಆ ಕಡೆ ಈ ಕಡೆ ಅಲೀತಿದೀವಿ. ಬಸ್ಸಿಗೆ ಪರದಾಟ, ರಕ್ತಕ್ಕೆ ಪರದಾಟ, ಗೊಬ್ಬರಕ್ಕೆ ಪರದಾಟ. ಹಾಗಾಗಿ ಎಷ್ಟೋ ಸಲ ಇಂಗ್ಲಿಷಲ್ಲಿ ‘ಏನು ಇಲ್ಲ’ ಅನ್ನೋದನ್ನ ನೇರವಾಗಿ ಹೇಳಿದ್ರೆ ಚೊಕ್ಕ. ರೈಟ್ರು ‘ಆಳಿಗೆ ಪರದಾಡಿದ್ವಿ’ ಅಂದಿದ್ದಕ್ಕೆ “ವಿ ವರ್ ಶಾರ್ಟ್ ಆಫ್ ಪಿಕರ್ಸ್” ಸಾಕು.

ಇನ್ನು ‘ಹರಸಾಹಸ’. ಅದು ಪೇಪರಿನವರ ಮುದ್ದಿನ ಪದ. ಕಾಡಾನೆ ಓಡಿಸಲು ಹರಸಾಹಸ, ಬೆಂಕಿ ನಂದಿಸಲು ಹರಸಾಹಸ. ಅಲ್ಲಿ ‘ಸ್ಟ್ರಗಲ್ಡ್ ಟು’ ಚೆನ್ನಾಗಿ ಕೂರುತ್ತೆ. ಬೆಂಕಿ, ರೋಗ, ಕೀಟಕ್ಕೆ ಬ್ಯಾಟಲ್ ಅಂತಲೂ ಬರೀತಾರೆ.

ಬಾಳೆಹೊನ್ನೂರು_ಬೆಳೆಗಾರ

ಕಾಂಡಕೊರಕಕ್ಕೆ ಬ್ಯಾಟಲ್ಲೇ ಸರಿ. ಗಿಡ ಗಿಡ ನೋಡಿ, ಕಾಂಡದ ತೊಗಟೆ ತಿಕ್ಕಿ, ಕೊರೆದ ಗಿಡ ಕಿತ್ತು ಸುಡ್ತೀವಿ. ಮುಂದಿನ ವರ್ಷ ಮತ್ತೆ ಬರುತ್ತೆ. ನೆರಳು ಜಾಸ್ತಿ ತೆಗೆದ ಕಡೆ ಇನ್ನೂ ಜಾಸ್ತಿ. ಒಂದು ದಿನದ ಜಗಳ ಅಲ್ಲ ಅದು.

ಎಚ್‌ಆರ್_ಮಲೆನಾಡು

ತಡವಾಗಿ ಬಂದೆ. ನಾನು ಕೊಪ್ಪದವಳು, ಈಗ ಒಂದು ಕಂಪನಿಯಲ್ಲಿ ಉದ್ಯೋಗಿಗಳನ್ನ ಆರಿಸೋ ಕೆಲಸ. ಇಲ್ಲಿ ಯಾರೂ ಹೇಳದ ಒಂದು ವಿಷಯ ಇದೆ, ಅದು ರೈಟ್ರ ಕೊನೇ ಸಾಲಿಗೂ ಸಂಬಂಧಪಟ್ಟಿದ್ದು.

ನಮ್ಮ ಕಡೆ ‘ತುಂಬಾ ಸ್ಟ್ರಗಲ್ ಮಾಡಿ ಮೇಲೆ ಬಂದೋರು’ ಅಂದ್ರೆ ಹೊಗಳಿಕೆ. ಸಿನಿಮಾದವರಿಂದ ಹಿಡಿದು ಚಿಲ್ಲರೆ ಅಂಗಡಿ ಇಟ್ಟೋರವರೆಗೆ ಎಲ್ಲರೂ ಹೆಮ್ಮೆಯಿಂದ ‘ನನ್ನ ಸ್ಟ್ರಗಲ್’ ಅಂತಾರೆ. ಇಂಗ್ಲಿಷಲ್ಲಿ ಅದೇ ಪದವನ್ನ ‘ಇಂಗ್’ ಹಾಕಿ ವಿಶೇಷಣ ಮಾಡಿ ಒಬ್ಬರ ಮುಂದೆ ಇಟ್ರೆ ಅರ್ಥ ಬೇರೆ ಆಗುತ್ತೆ. ‘ಸ್ಟ್ರಗ್ಲಿಂಗ್ ಸ್ಟೂಡೆಂಟ್’ ಅಂದ್ರೆ ಕಷ್ಟಪಟ್ಟು ಓದೋ ಹುಡುಗ ಅಲ್ಲ, ಓದಿನಲ್ಲಿ ಹಿಂದುಳಿದ ಹುಡುಗ. ‘ಸ್ಟ್ರಗ್ಲಿಂಗ್ ಕಂಪನಿ’ ಅಂದ್ರೆ ಬಾಗಿಲು ಹಾಕೋ ಹಾದಿಯಲ್ಲಿರೋದು. ಮೇಷ್ಟ್ರುಗಳು ಪ್ರೀತಿಯಿಂದ ಶಿಫಾರಸು ಪತ್ರದಲ್ಲಿ ‘ಹಿ ಈಸ್ ಎ ಸ್ಟ್ರಗ್ಲಿಂಗ್ ಬಾಯ್’ ಅಂತ ಬರೆದು ಕಳಿಸ್ತಾರೆ. ಓದೋನು ‘ಇವನು ದಡ್ಡ’ ಅಂತ ಪಕ್ಕಕ್ಕಿಡ್ತಾನೆ. ‘ಹಾರ್ಡ್‌ವರ್ಕಿಂಗ್’ ಅಂತ ಬರೀರಿ, ‘ಡಿಟರ್ಮಿನ್ಡ್’ ಅಂತ ಬರೀರಿ. ಬಯೋಡೇಟಾದಲ್ಲೂ ಅಷ್ಟೇ. ‘ಸ್ಟ್ರಗಲ್ಡ್ ವಿತ್ ಎ ಪ್ರಾಬ್ಲಮ್’ ಅಂದ್ರೆ ಗೆದ್ದಿಲ್ಲ ಅನ್ನೋ ವಾಸನೆ. ‘ಟ್ಯಾಕಲ್ಡ್’ ಅಂದ್ರೆ ಮುಂದಕ್ಕೆ ಹೋಗಿ ಹಿಡ್ಕೊಂಡ್ರು ಅಂತ.

ಹೀಗಿರೋವಾಗ ಕಾಫಿ ಪ್ಯಾಕೆಟ್ ಮೇಲೆ ‘ಸ್ಟ್ರಗ್ಲಿಂಗ್ ಸ್ಮಾಲ್ ಗ್ರೋವರ್ಸ್’ ಅಂತ ಅಚ್ಚಾಗೋದು ನನಗೆ ಸರಿ ಕಾಣಲ್ಲ.

ಆಲೂರು_ಸಣ್_ಬೆಳೆಗಾರ

ಅಕ್ಕ, ನೀವು ಹೇಳಿದ್ದು ನೂರಕ್ಕೆ ನೂರು. ನಾನು ಆ ಸಣ್ಣ ಬೆಳೆಗಾರರಲ್ಲಿ ಒಬ್ಬ. ನಾಲ್ಕು ಎಕರೆ, ಅದ್ರಲ್ಲಿ ಕಾಫಿ, ಮೆಣಸು, ಒಂದಿಷ್ಟು ಅಡಿಕೆ. ಆನೆ ಬಂದು ಬಾಳೆ ಮುರಿದು ಪೈಪ್ ತುಳಿದು ಹೋಗುತ್ತೆ. ಸಾಲ ಇದೆ, ಇಲ್ಲ ಅನ್ನಲ್ಲ. ನಮ್ಮ ಪಾಡು ನಾವು ನಮ್ಮನಮ್ಮಲ್ಲಿ ಹೇಳ್ಕೊಂಡು ನಗ್ತೀವಿ. ‘ಏನೋ ಒದ್ದಾಡ್ಕೊಂಡಿದೀನಿ ಕಣೋ’ ಅಂತ ಬೆಳಗ್ಗೆ ಹಾಲಿನ ಡೇರಿ ಹತ್ರ ಹೇಳೋದು ಬೇರೆ. ಗೊತ್ತಿಲ್ದೋನು ಕಾಫಿ ಕುಡೀತಾ ‘ಪಾಪ’ ಅನ್ನೋದು ಬೇರೆ. ಮಾಲು ಚೆನ್ನಾಗಿದ್ರೆ ತಗೊಳ್ಳಿ, ಪಾಪ ಅಂತ ತಗೋಬೇಡಿ.

ಕಡೂರು_ಬಯಲುಸೀಮೆ

ಇದು ಮಾತು ಅಂದ್ರೆ. ನಮ್ಮ ಕಡೆ ತೆಂಗು, ಈರುಳ್ಳಿ ಬೆಳೆಯೋರಿಗೂ ಇದೇ ಕಥೆ, ಟೀವಿಯವ್ರು ಬಂದ್ರೆ ಅಳೋ ಮುಖ ಮಾಡಿ ಅಂತಾರೆ. ಆದ್ರೆ ಮುಚ್ಚಿಡೋದೂ ಸರಿಯಲ್ಲ. ಬೆಲೆ ಬಿದ್ದ ವರ್ಷ ಬಿದ್ದಿದೆ ಅಂತ ಹೇಳ್ಬೇಕು ತಾನೆ?

ಎಚ್‌ಆರ್_ಮಲೆನಾಡು

ಹೇಳ್ಬೇಕು. ಆದ್ರೆ ಜನರಿಗೆ ಹಣೆಪಟ್ಟಿ ಹಚ್ಚೋ ಬದಲು ಕಷ್ಟ ಏನು ಅಂತ ಹೇಳೋದು. ‘ಸ್ಟ್ರಗ್ಲಿಂಗ್ ಗ್ರೋವರ್ಸ್’ ಅನ್ನೋ ಬದಲು ‘ಕೊಯ್ಲಿನ ಕೂಲಿ ಏರಿತು, ಇಳುವರಿ ಇಳಿಯಿತು, ಎಷ್ಟೋ ಮನೆಗಳಿಗೆ ಆದಾಯ ಖರ್ಚಿಗೆ ಸಾಲಲಿಲ್ಲ’. ಕೊನೇದಕ್ಕೆ ಇಂಗ್ಲಿಷಲ್ಲಿ ಸಿದ್ಧ ಮಾತೇ ಇದೆ, ‘ಮೇಕ್ ಎಂಡ್ಸ್ ಮೀಟ್’. ನಾವು ಹೊಟ್ಟೆಬಟ್ಟೆಗೆ ನೇರ ಮಾಡ್ಕೊಳ್ಳೋದು ಅಂತೀವಲ್ಲ, ಅದು.

ನರ್ಸಕ್ಕ, ಸಕಲೇಶಪುರ

ಟಾಯಿಲ್ ಬಗ್ಗೆ ಯಾರೂ ಹೇಳ್ಲಿಲ್ಲ. ಕೊಯ್ಯೋ ಹೆಂಗಸರಿಗೆ ಅದು ಆಗಲ್ವಾ? ಬೆಳಗ್ಗಿಂದ ಸಂಜೆವರೆಗೆ ಇಳಿಜಾರಲ್ಲಿ ನಿಂತು, ಸೊಂಟಕ್ಕೆ ಚೀಲ ಕಟ್ಕೊಂಡು.

ನಿವೃತ್ತ_ಮೇಷ್ಟ್ರು, ಹಾಸನ

ಆಗುತ್ತೆ ತಾಯಿ. ಟಾಯಿಲ್ ದೀರ್ಘವಾದ, ಮೈಮುರಿಯುವ ದುಡಿತ. ಅದರ ಹಿಂದೆ ಆಲಿವ್ ಕಾಯಿ ಅರೆಯುವ ಯಂತ್ರದ ಲ್ಯಾಟಿನ್ ಹೆಸರಿದೆ. ಆದರೆ ಇವತ್ತಿನ ಇಂಗ್ಲಿಷಲ್ಲಿ ಅದು ಸ್ವಲ್ಪ ಪುಸ್ತಕದ ಪದ, ಪದ್ಯದ ವಾಸನೆ. ಪ್ಯಾಕೆಟ್ ಮೇಲೆ ಬರೆದರೆ ನಾಟಕೀಯ ಅನ್ನಿಸಬಹುದು. ಅವರು ದಿನಕ್ಕೆ ಏನು ಮಾಡುತ್ತಾರೆ, ಹಣ್ಣಾದದ್ದನ್ನು ಮಾತ್ರ ಹೇಗೆ ಆರಿಸುತ್ತಾರೆ ಅಂತ ಎರಡು ಸಾಲು ಬರೆದರೆ ಟಾಯಿಲ್ ಅನ್ನುವ ಪದವೇ ಬೇಕಾಗುವುದಿಲ್ಲ.

ಎಸ್ಟೇಟ್_ರೈಟ್ರು, ಮೂಡಿಗೆರೆ

ಎಲ್ಲರಿಗೂ ಕೈ ಮುಗೀತೀನಿ. ರಾತ್ರಿ ಕೂತು ಮತ್ತೆ ಬರ್ದೆ. ಗಿಡದ ಸಾಲಲ್ಲಿ ಸ್ಟ್ರಗಲ್ ಉಳಿಸ್ಕೊಂಡಿದೀನಿ, ಮೇಷ್ಟ್ರ ಮಾತಿನಂತೆ. ಆಳು ಸಾಲದೆ ಬಂದಿದ್ದಕ್ಕೆ ಶಾರ್ಟ್ ಆಫ್ ಪಿಕರ್ಸ್. ಕಣಕ್ಕೆ ಸ್ಕ್ರ್ಯಾಂಬಲ್ಡ್. ಲಾರಿಗೆ ಲೇಬರ್ಡ್, ಘಾಟಿ ಅಣ್ಣನಿಗೆ ಅರ್ಪಣೆ. ಕಾಂಡಕೊರಕಕ್ಕೆ ಬ್ಯಾಟಲ್. ಸಣ್ಣ ಬೆಳೆಗಾರರ ಸಾಲನ್ನ ಸಾವ್ಕಾರ್ರಿಗೆ ಓದಿ ಹೇಳ್ದೆ, ಆಲೂರಿನ ಅಣ್ಣ ಬರೆದಿದ್ದನ್ನೂ ಓದಿ ಹೇಳ್ದೆ. ಅವರು ಸುಮ್ನೆ ಕೇಳಿಸ್ಕೊಂಡು, “ಆ ಸಾಲು ತೆಗೀರಿ, ಅವರ ಹಣ್ಣೂ ಸಿಪ್ಪೆ ಬಿಡಿಸೋಕೆ ನಮ್ಮ ಪಲ್ಪರಿಗೆ ಬಂದಿದೆ ಅಂತ ಬರೀರಿ, ಅದು ನಿಜ ತಾನೆ” ಅಂದ್ರು. ಹಾಗೇ ಮಾಡ್ದೆ. ಬೆಲೆ, ಕೂಲಿ ವಿಷಯ ಬೇರೆ ಸಾಲಲ್ಲಿ ಇದೆ.

ಮೊದಲ ಸಾಲು ಹೀಗಿದೆ: “ದಿ ಬ್ಲಾಸಮ್ ಶವರ್ಸ್ ಗೇವ್ ಅಸ್ ಓನ್ಲಿ ಸಿಕ್ಸ್ಟಿ ಸೆಂಟ್ಸ್ ಅಂಡ್ ದಿ ರೋಬಸ್ಟಾ ಸ್ಟ್ರಗಲ್ಡ್.” ಸರಿ ಇದೆಯಾ?

ಬೇಲೂರು_ಇಂಗ್ಲಿಷ್_ಟೀಚರ್

ವ್ಯಾಕರಣ ಸರಿ ಇದೆ. ಆದ್ರೆ ರೈಟ್ರೇ, ಆ ಸೆಂಟ್ಸ್! ಇಂಚಿನ ನೂರರಲ್ಲಿ ಒಂದು ಭಾಗಕ್ಕೆ ಸೆಂಟ್ ಅನ್ನೋದು ನಮ್ಮ ತೋಟದವರ ಲೆಕ್ಕ. ಅಲ್ಲಿಯವರು ಓದಿದ್ರೆ ಮಳೆ ಅರುವತ್ತು ಸೆಂಟ್ ದುಡ್ಡು ಕೊಟ್ಟಿತು ಅಂದ್ಕೋತಾರೆ.

ಬಾಳೆಹೊನ್ನೂರು_ಬೆಳೆಗಾರ

ಕೊಟ್ಟಿದ್ದೂ ಅಷ್ಟೇ ಬಿಡಿ ಟೀಚರ್. 15 ಮಿಲಿಮೀಟರ್ ಅಂತ ಹಾಕಿ ರೈಟ್ರೇ.